ಮಸುಕಾಗಿದ್ದು ಲೆನ್ಸಲ್ಲ!

"ಡಿಎಸ್‌ಎಲ್‌ಆರ್‌ನಲ್ಲಿ ವಿಡಿಯೋ ತೆಗೆದ್ರೆ ಮಸುಕು ಮಸುಕಾಗಿ ಬರುತ್ತೆ, ಒಳ್ಳೇ ಲೆನ್ಸ್ ಯಾವುದು ಹೇಳು ಮಾರಾಯ" ಅಂತ ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ್ದ. ಎಲ್ಲರೂ ಮಿರರ್‌ಲೆಸ್‌ಗೆ ಹೋಗುತ್ತಿರುವ ಈ ಕಾಲದಲ್ಲಿ ಅವನು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಕೊಂಡಿದ್ದಾನೆ. ಲೆನ್ಸಿಗೆ ದುಡ್ಡು ಹಾಕಬೇಡ ಅಂದೆ. ಅವನಿಗೆ ಸಿಟ್ಟು ಬಂತು. ಹನ್ನೆರಡು ವರ್ಷದ ಹಿಂದೆ ಯಾರಾದರೂ ನನಗೆ ಹಾಗೆ ಹೇಳಿದ್ದರೆ ನನಗೂ ಬರುತ್ತಿತ್ತು.

2011ರ ಮಾತು. ಕ್ಯಾನನ್ 550ಡಿ ತಗೊಂಡ ಹೊಸತು. ಜೊತೆಗೆ 50 ಎಂಎಂ ಎಫ್ 1.8 ಲೆನ್ಸು. ಊರಲ್ಲಿ ದೊಡ್ಡಪ್ಪನ ಮನೆ ಜಗುಲಿಯ ಮೇಲೆ ತಾಳಮದ್ದಲೆ, ಪ್ರಸಂಗ ವಾಲಿವಧೆ, ದೊಡ್ಡಪ್ಪನದೇ ವಾಲಿ. ನಾನು ಮೊದಲೇ ಹೋಗಿ ಕ್ಯಾಮೆರಾ ಇಟ್ಟು, ಅವರು ಒರಗಿ ಕೂರುವ ದಿಂಬಿಗೆ ಫೋಕಸ್ ಮಾಡಿ, ಹಿನ್ನೆಲೆ ಚೆನ್ನಾಗಿ ಕರಗಲಿ ಅಂತ ಎಫ್ 1.8ಕ್ಕೇ ಬಿಟ್ಟೆ. 4 ಜಿಬಿ ತುಂಬಿ 12 ನಿಮಿಷಕ್ಕೊಮ್ಮೆ ರೆಕಾರ್ಡಿಂಗ್ ನಿಲ್ಲುತ್ತಿತ್ತು, ಮತ್ತೆ ಒತ್ತುತ್ತಿದ್ದೆ. ಪುಟ್ಟ ಪರದೆಯಲ್ಲಿ ಎಲ್ಲವೂ ಸ್ಫುಟವಾಗೇ ಕಂಡಿತ್ತು.

ಮುಂದಿನ ವರ್ಷ ದೊಡ್ಡಪ್ಪ ತೀರಿಕೊಂಡರು. ಆ ವಿಡಿಯೋನ ಟಿವಿಗೆ ಹಾಕಿ ತೋರಿಸಿದೆ. ರಾಮನನ್ನು ಪ್ರಶ್ನೆ ಮಾಡುವಾಗ ದೊಡ್ಡಪ್ಪ ಮುಂದಕ್ಕೆ ಬಗ್ಗಿ ಕೈ ಎತ್ತುತ್ತಾರೆ ನೋಡಿ, ಅಲ್ಲೆಲ್ಲ ಮುಖ ಮಂಜು ಮಂಜು. ಹಿಂದಿನ ದಿಂಬಿನ ಹೂವು ಮಾತ್ರ ಎಣಿಸುವಷ್ಟು ಸ್ಪಷ್ಟ! "ಮುಖ ಸಮಾ ಕಾಣ್ತಿಲ್ಲೆ ತಮಾ" ಅಂದರು ದೊಡ್ಡಮ್ಮ. ಅಷ್ಟೇ ಅಂದದ್ದು.

ಲೆನ್ಸು ಅಗ್ಗದ್ದು, ಅದಕ್ಕೇ ಹೀಗೆ ಅಂತ ನನ್ನ ತೀರ್ಮಾನ. ವರ್ಷಗಟ್ಟಲೆ ಕೂಡಿಟ್ಟು ಕೆಂಪು ಉಂಗುರದ ದುಬಾರಿ ಲೆನ್ಸ್ ತಂದೆ. ವಿಡಿಯೋ ಮತ್ತೆ ಹಾಗೇ! ತಲೆ ಕೆಟ್ಟು ಒಂದು ಭಾನುವಾರ ಟ್ರೈಪಾಡ್ ನಿಲ್ಲಿಸಿ, ಎರಡೂ ಲೆನ್ಸನ್ನ ಎಫ್ 5.6ಕ್ಕೆ ಇಟ್ಟು, ಹೆಬ್ಬಾಗಿಲ ಮರದ ಗೆರೆಗಳನ್ನ ತೆಗೆದೆ. ಫೋಟೋದಲ್ಲಿ ವ್ಯತ್ಯಾಸ ಇತ್ತು. ವಿಡಿಯೋದಲ್ಲಿ ಯಾವುದು ಯಾವ ಲೆನ್ಸಿನದು ಅಂತ ನನಗೇ ಗುರುತು ಸಿಗಲಿಲ್ಲ.

ಲೆಕ್ಕ ಹಾಕಿದರೆ ಇದು ಸರಿಯೇ. ಆ ಕ್ಯಾಮೆರಾ ಫೋಟೋಕ್ಕೆ 18 ಮೆಗಾಪಿಕ್ಸೆಲ್, ಅಡ್ಡಕ್ಕೆ 5184 ಚುಕ್ಕಿ. ವಿಡಿಯೋಕ್ಕೆ ಬೇಕಾದ್ದು 1920 ಮಾತ್ರ, ಒಟ್ಟು 2 ಮೆಗಾಪಿಕ್ಸೆಲ್. ಎಲ್ಲ ಸಾಲುಗಳನ್ನೂ ಓದಿ ಚಿತ್ರ ಕಟ್ಟುವಷ್ಟು ವೇಗ ಇಲ್ಲದ್ದರಿಂದ ಅದು ಸುಮಾರು ಮೂರು ಸಾಲಿಗೆ ಒಂದನ್ನು ಓದಿ ಉಳಿದದ್ದನ್ನ ಬಿಟ್ಟುಬಿಡುತ್ತದೆ. ಚೆಕ್ಸ್ ಅಂಗಿ, ಹೆಂಚಿನ ಮಾಡು ತೆಗೆದರೆ ಬಣ್ಣದ ಅಲೆಗಳು ಓಡಾಡುವುದು ಇದಕ್ಕೇ. ಲೆನ್ಸು ಎಷ್ಟೇ ಸೂಕ್ಷ್ಮ ವಿವರ ತಂದು ಸುರಿದರೂ ಕ್ಯಾಮೆರಾ ಬಾಗಿಲಲ್ಲೇ ಬಿಸಾಕುತ್ತದೆ.

ಹಾಗಾದರೆ ಸ್ಫುಟ ಬರೋದು ಎಲ್ಲಿಂದ?

ಮೊದಲನೆಯದು ಅಪರ್ಚರ್. 50 ಎಂಎಂ ಲೆನ್ಸಲ್ಲಿ ಎರಡು ಮೀಟರ್ ದೂರದ ಮನುಷ್ಯನನ್ನ ಎಫ್ 1.8ರಲ್ಲಿ ತೆಗೆದರೆ ಸ್ಫುಟವಾಗಿರುವ ಆಳ ಸುಮಾರು 11 ಸೆಂಟಿಮೀಟರ್, ಅಂದರೆ ಅರ್ಧ ಗೇಣು! ಎಫ್ 5.6ಕ್ಕೆ ತಂದರೆ ಒಂದೂವರೆ ಗೇಣು. ವಾಲಿಗೆ ಬಗ್ಗಿ ವಾದ ಮಾಡಲು ಅಷ್ಟು ಜಾಗವಾದರೂ ಬೇಡವೇ? ಹಾಗಂತ ಎಫ್ 22ಕ್ಕೆ ಹೋಗಬೇಡಿ, ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕೇ ಹರಡಿ ಮತ್ತೆ ಮಸುಕಾಗುತ್ತದೆ. ಬಿಸಿಲು ಜಾಸ್ತಿಯಾದರೆ ಎನ್‌ಡಿ ಫಿಲ್ಟರ್ ಹಾಕಿ.

ಎರಡನೆಯದು ಫೋಕಸ್. ರೆಕಾರ್ಡ್ ಒತ್ತುವ ಮೊದಲು ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಕಣ್ಣಿನ ರೆಪ್ಪೆ ನೋಡಿ, ಕೈಯಲ್ಲೇ ಉಂಗುರ ತಿರುಗಿಸಿ. ದಿಂಬಿಗಲ್ಲ, ಮನುಷ್ಯನಿಗೆ!

ಮೂರನೆಯದು, ಪಿಕ್ಚರ್ ಸ್ಟೈಲ್‌ನಲ್ಲಿರುವ ಶಾರ್ಪ್‌ನೆಸ್. ಹೆಸರು ನೋಡಿ ಏರಿಸಿಬಿಡುತ್ತೇವೆ. ಅದು ಹೊಸ ವಿವರ ಏನೂ ತರಲ್ಲ, ಅಂಚುಗಳಿಗೆ ಕಾಡಿಗೆ ಬಳಿಯುತ್ತೆ ಅಷ್ಟೇ. ಸಾಲು ಬಿಟ್ಟು ಓದಿದ ಒರಟು ಅಂಚುಗಳೂ ಎದ್ದು ಕಾಣುತ್ತವೆ. ಸೊನ್ನೆಗಿಳಿಸಿ, ಬೇಕಾದಷ್ಟು ಎಡಿಟಿಂಗ್‌ನಲ್ಲಿ ಕೊಡಿ.

ಇನ್ನು ಶಟರ್. 25 ಫ್ರೇಮಿಗೆ 50ರಲ್ಲಿ ಒಂದು ಸೆಕೆಂಡ್. ನಮ್ಮ ಕರೆಂಟೂ 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟೂ ಮಿಣುಕಲ್ಲ. ಶಟರ್ ಏರಿಸಿದರೆ ಒಂದೊಂದು ಫ್ರೇಮು ಚೂಪಾದೀತು, ಚಲನೆ ಮಾತ್ರ ಕುಕ್ಕಿದ ಹಾಗೆ ಕಾಣುತ್ತೆ. ಮತ್ತೆ ಟ್ರೈಪಾಡ್. ಕೈ ನಡುಗಿದರೆ ಯಾವ ಲೆನ್ಸೂ ಕಾಪಾಡಲ್ಲ.

ದುಬಾರಿ ಲೆನ್ಸು ದಂಡ ಅಂತ ನಾನು ಹೇಳ್ತಿಲ್ಲ. ಫೋಕಸ್ ಉಂಗುರ ಬೆಣ್ಣೆಯ ಹಾಗೆ ತಿರುಗುತ್ತದೆ, ಎದುರು ಬೆಳಕಲ್ಲೂ ಚಿತ್ರ ಬಿಳಿಚಿಕೊಳ್ಳುವುದು ಕಡಿಮೆ. ಆದರೆ ಅದು ಕೊನೆಗೆ ಕೊಳ್ಳುವ ವಸ್ತು. ಮೊದಲು ಒಂದು ಗಟ್ಟಿ ಟ್ರೈಪಾಡ್, ಆಮೇಲೆ ಒಂದು ಮೈಕು. ನಮ್ಮ ತಪ್ಪನ್ನ ಅಂಗಡಿಯಲ್ಲಿ ಸರಿಮಾಡಿಸಿಕೊಳ್ಳಬಹುದು ಅನ್ನೋ ಆಸೆ ಇದೆಯಲ್ಲ, ಅದರ ಬೆಲೆ ನನಗೆ ಚೆನ್ನಾಗಿ ಗೊತ್ತು. ಆ ದುಡ್ಡು ಮತ್ತೆ ಸಂಪಾದಿಸಬಹುದು ಬಿಡಿ. ದೊಡ್ಡಪ್ಪನ ವಾಲಿ?

ಒಂದು ಪುಣ್ಯ, ಆವತ್ತು ಭಾಗವತರ ಮೈಕಿನಿಂದ ಬೇರೆ ರೆಕಾರ್ಡರ್‌ಗೆ ಧ್ವನಿ ತಗೊಂಡಿದ್ದೆ. ಅದು ಸ್ವಚ್ಛವಾಗಿದೆ. ದೊಡ್ಡಮ್ಮ ಈಗಲೂ ಆಗಾಗ ಹಾಕಿಸಿಕೊಂಡು ಕೇಳುತ್ತಾರೆ, ಟಿವಿ ಆಫ್ ಮಾಡಿಸಿ.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಇರೋ ಕ್ಯಾಮೆರಾ, ಇರೋ ಲೆನ್ಸಲ್ಲೇ ಹಿರಿಯರನ್ನೊಮ್ಮೆ ಕೂರಿಸಿ ಮಾತಾಡಿಸಿ. ಎಫ್ 5.6, ಫೋಕಸ್ ಕಣ್ಣಿಗೆ. ಲೆನ್ಸ್ ಬಂದಮೇಲೆ ತೆಗೆಯೋಣ ಅಂತ ಮಾತ್ರ ಕಾಯಬೇಡಿ. ಏನಂತೀರಿ?