ಹೋರಿ ನೀರಿನ ಶಕ್ತಿ ಅಂತ ಹಸು ಕೆಡಿಸಬೇಡಿ

ಡೈರಿ ಹತ್ರ ಹಾಲು ಹಾಕೋಕೆ ಹೋದ್ರೆ ಈಗ ಒಂದೇ ಮಾತು. "ಇಂಜೆಕ್ಷನ್‌ಗೆ ಗಬ್ಬ ನಿಲ್ಲಲ್ಲ ಕಣಣ್ಣ, ಹೋರಿ ಕೊಡ್ಸು. ಹೋರಿ ನೀರಲ್ಲಿ ಗರ್ಭಕೋಶಕ್ಕೆ ಶಕ್ತಿ ಕೊಡೋ ಅಂಶ ಇದೆ, ಸ್ಟ್ರಾದಲ್ಲಿ ಅದಿಲ್ಲ." ಇದರಲ್ಲಿ ಅರ್ಧ ನಿಜ ಇರೋದ್ರಿಂದಲೇ ಜನ ನಂಬ್ತಾರೆ.

ವೀರ್ಯಾಣು, ಅದು ತೇಲೋ ದ್ರವ ಎರಡೂ ಹೆಣ್ಣಿನ ಮೈಗೆ ಹೊರಗಿನವೇ. ಗರ್ಭಕೋಶಕ್ಕೆ ಬಿದ್ದ ಕೆಲವೇ ಗಂಟೇಲಿ ರಕ್ತದ ಬಿಳಿ ಕಣಗಳು ನುಗ್ಗಿ ಸತ್ತ ವೀರ್ಯಾಣು, ಜೊತೆಗೆ ಹೋದ ಕೊಳಕು ಎಲ್ಲಾ ಗುಡಿಸ್ತವೆ. ಹಂದಿಯಲ್ಲಿ ಈ ದ್ರವದ ಕೆಲಸ ದೊಡ್ಡದು. ಗಂಡು ಹಂದಿ ಒಂದು ಸಲಕ್ಕೆ ಸುಮಾರು 200 ಮಿಲಿ ಬಿಡುತ್ತೆ, ಅದು ಗರ್ಭಕೋಶಕ್ಕೇ ಹೋಗುತ್ತೆ. ಬಿಳಿ ಕಣಗಳನ್ನ ಕರೆಯೋದೂ ಆ ದ್ರವವೇ, ಆಮೇಲೆ ಬರೋ ಪಿಂಡದ ಮೇಲೆ ಬೀಳದ ಹಾಗೆ ಅವನ್ನ ಪಳಗಿಸೋದ್ರಲ್ಲೂ ಅದರ ಕೈ ಇದೆ.

ನಮ್ಮ ಕೊಟ್ಟಿಗೇಲಿ ಇರೋದು ಹಂದಿ ಅಲ್ವಲ್ಲ! ಹೋರಿ ಬಿಡೋದು ಐದಾರು ಮಿಲಿ, ಅದೂ ಗರ್ಭಕೋಶದ ಬಾಯಿಂದ ಹೊರಗೆ. ಬಾಯಿ ದಾಟಿ ಒಳಗೆ ಈಜೋದು ವೀರ್ಯಾಣು, ದ್ರವ ಬಹುಪಾಲು ಹೊರಗೇ ಉಳಿಯುತ್ತೆ. ಸ್ಟ್ರಾದಲ್ಲಿ 0.25 ಮಿಲಿ, ಸುಮಾರು 2 ಕೋಟಿ ವೀರ್ಯಾಣು, ಹೋರಿ ದ್ರವ ಚೂರುಪಾರು. ಅಷ್ಟರಲ್ಲೇ ದೇಶದ ತುಂಬ ಹಸು ಗಬ್ಬ ಆಗ್ತಿವೆ. ನಿಮ್ಮ ಕೊಟ್ಟಿಗೆಯ ಎಚ್‌ಎಫ್ ಮಿಶ್ರತಳಿ ಎಲ್ಲಿಂದ ಬಂತು ಮತ್ತೆ?

ನಿಲ್ಲದೇ ಇರೋದಕ್ಕೆ ಮೊದಲು ನೋಡಬೇಕಾದ್ದು ಹೊತ್ತು. ಬೆಳಿಗ್ಗೆ ಬೆದೆ ಕಂಡ್ರೆ ಸಂಜೆ, ಸಂಜೆ ಕಂಡ್ರೆ ಮಾರನೇ ಬೆಳಿಗ್ಗೆ. ನಾವು ಹೊಲದ ಕೆಲಸ ಮುಗಿಸಿ ಫೋನ್ ಮಾಡ್ತೀವಿ, ಅವರು ಪುರುಸೊತ್ತಾದಾಗ ಬರ್ತಾರೆ. ಸ್ಟ್ರಾನ 37 ಡಿಗ್ರಿ ನೀರಲ್ಲಿ ಅರ್ಧ ನಿಮಿಷ ಇಡಬೇಕು, ಕೆಲವರು ಅಂಗೈಯಲ್ಲಿ ಉಜ್ಜಿ ಹಾಕೇಬಿಡ್ತಾರೆ. ಅದನ್ನ ಕೇಳೋಕೆ ನಮಗೆ ಬಾಯಿಲ್ಲ. ಬೆದೆ ಮುಗಿದ ಎರಡನೇ ದಿನ ಲೋಳೇಲಿ ಚೂರು ರಕ್ತ ಕಂಡ್ರೆ ಮಾತ್ರ ಹೆದರಿ ಗರ್ಭಕೋಶ ತೊಳೆಸ್ತೀವಿ. ಅದು ಸಹಜ ಕಣ್ರಪ್ಪ, ಸುಮ್ನಿರಿ.

ಇನ್ನು ಊರ ಹೋರಿ. ಹತ್ತು ಮನೆ ಹಸು ಮೇಲೆ ಹಾರಿ ಬಂದಿರುತ್ತೆ. ಟ್ರೈಕೊಮೊನಿಯಾಸಿಸ್, ವಿಬ್ರಿಯೋಸಿಸ್ ಇದ್ರೂ ಹೋರಿ ದಷ್ಟಪುಷ್ಟವಾಗೇ ಕಾಣುತ್ತೆ. ಹಸುಗೆ ಅಂಟಿದ್ರೆ ಪಿಂಡ ಎಳೇದಿರುವಾಗಲೇ ಸತ್ತು, ಹಸು ತಿರುಗಿ ತಿರುಗಿ ಬೆದೆಗೆ ಬರುತ್ತೆ. ಆಗ ಬಿಳಿ ಕಣಗಳು ಗುದ್ದಾಡಬೇಕಾದ್ದು ನಿಜವಾದ ರೋಗದ ಜೊತೆ. ವೀರ್ಯ ಕೇಂದ್ರದ ಹೋರಿಗಳಿಗೆ ಈ ರೋಗಗಳ ಪರೀಕ್ಷೆ ಮಾಡ್ತಾರೆ. ನಮ್ಮೂರ ಹೋರಿಗೆ ಯಾರಾದ್ರೂ ಮಾಡಿಸಿದ್ರೆ ಚೀಟಿ ತೋರಿಸಿ, ನಾನೇ ಹಸು ಹಿಡ್ಕೊಂಡು ಬರ್ತೀನಿ.