ಒಡೆಯರಿಲ್ಲದ ಪುಸ್ತಕಗಳಿಗೆ ಹಾಕಿದ ಬೀಗ

ಲಾಭದ ಅಪೇಕ್ಷೆಯಿಲ್ಲದೆ ಹಳೆಯ ಕನ್ನಡ ಗ್ರಂಥಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ, ಬಿಡಿಗಾಸು ಕೊಡದೆ ಯಾರು ಬೇಕಾದರೂ ಓದಿಕೊಳ್ಳುವಂತೆ ಅಂತರಜಾಲದಲ್ಲಿರಿಸುವ ಕಾರ್ಯವನ್ನು ಕೈಗೊಂಡಿರುವ ಸಣ್ಣ ಸಂಸ್ಥೆಗಳೂ ಉತ್ಸಾಹಿಗಳ ಕೂಟಗಳೂ ನಮ್ಮ ನಾಡಿನಲ್ಲಿ ಕೆಲವುಂಟು. ಇವರ ತೊಡಕೆಲ್ಲ ಹಣದ ಅಭಾವವೇ ಎಂದು ಜನ ಸಾಮಾನ್ಯವಾಗಿ ಭಾವಿಸುವರು. ಆ ಅಭಾವವೂ ನಿಜವೇ. ಆದರೆ ಪುಸ್ತಕವನ್ನು ಪ್ರತಿಮಾಡುವವನು ವ್ಯಾಪಾರಿಯೇ ಆಗಿರಬೇಕು, ಪ್ರತಿಯೊಂದು ಪುಸ್ತಕಕ್ಕೂ ಹಕ್ಕು ಕೇಳುವ ಒಡೆಯನೊಬ್ಬನು ಎಲ್ಲಿಯಾದರೂ ಇದ್ದೇ ಇರಬೇಕು ಎಂಬ ಗ್ರಹಿಕೆಯ ಮೇಲೆ ನಿಂತಿರುವ ನಮ್ಮ ಕಾನೂನು, ವ್ಯಾಪಾರಿಗಳೂ ಅಲ್ಲದ, ಒಡೆಯನನ್ನು ಹುಡುಕಿ ಸೋತವರೂ ಆದ ಈ ಜನರನ್ನು ನಡೆಸಿಕೊಳ್ಳುವ ಬಗೆಯು ಹಣದ ಕೊರತೆಗಿಂತಲೂ ದುಸ್ತರವಾದುದೆಂದು ನನಗೆ ತೋರುತ್ತದೆ.

ಅಂತಹ ಗ್ರಂಥವೊಂದನ್ನು ಕೈಗೆತ್ತಿಕೊಂಡು ನೋಡಬೇಕು. 1950ರ ದಶಕದಲ್ಲಿ ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಅಚ್ಚಾದುದು. ಹಾಳೆ ಹಳದಿಗಟ್ಟಿ, ತಿರುವಿದರೆ ಅಂಚು ಪುಡಿಯಾಗುತ್ತದೆ. ಮುಖಪುಟದ ಒಳಬದಿಯಲ್ಲಿ ಎಲ್ಲ ಹಕ್ಕುಗಳೂ ಗ್ರಂಥಕರ್ತರವೆಂಬ ಒಂದು ಸಾಲು, ಅದರ ಕೆಳಗೆ ಬೆಲೆ, ಮುದ್ರಣಾಲಯದ ಹೆಸರು. ಮುದ್ರಣಾಲಯ ಮುಚ್ಚಿ ಎಷ್ಟೋ ಕಾಲವಾಯಿತು, ಗ್ರಂಥಕರ್ತರು ತೀರಿಕೊಂಡರು, ಅವರ ಮೊಮ್ಮಕ್ಕಳು ಎಷ್ಟು ಮಂದಿ, ಯಾವ ಊರಿನಲ್ಲಿರುವರು ಎಂದು ಹೇಳಬಲ್ಲವರಿಲ್ಲ, ಮರುಮುದ್ರಣಕ್ಕೆ ಮನಸ್ಸು ಮಾಡುವ ಪ್ರಕಾಶಕನೂ ಇಲ್ಲ. ಆದರೂ ಗ್ರಂಥಕರ್ತರು ಗತಿಸಿದ ವರ್ಷ ಕಳೆದು ಅರವತ್ತು ವರ್ಷ ತುಂಬುವ ತನಕ ಅದರ ಕೃತಿಸ್ವಾಮ್ಯ ಅಳಿಯದು. 1957ರ ಕಾಯಿದೆ ವಿಧಿಸಿದ್ದುದು ಐವತ್ತೇ ವರ್ಷ. 1941ರಲ್ಲಿ ನಿಧನರಾದ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ, 1992ರ ತಿದ್ದುಪಡಿಯಿಂದ ಅದಕ್ಕೆ ಹತ್ತು ವರ್ಷ ಕೂಡಿತು. ವಿಶ್ವಕವಿಯೊಬ್ಬರ ನಿಮಿತ್ತವಾಗಿ ಬಂದ ಆ ಹತ್ತು ವರ್ಷದ ಭಾರವನ್ನು, ಹೆಸರು ಕೂಡ ಮರೆತುಹೋದ ಸಾವಿರಾರು ಗ್ರಂಥಕರ್ತರ ಪುಸ್ತಕಗಳು ಇಂದಿಗೂ ಹೊರುತ್ತಿವೆ. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾದುದು 1917ರಲ್ಲಿ. ರಾಯರು ತೀರಿಕೊಂಡುದು 1964ರಲ್ಲಿ. ಆದುದರಿಂದ ಕನ್ನಡಿಗರನ್ನು ಎಚ್ಚರಿಸುವುದಕ್ಕೆಂದೇ ಬರೆದ ಆ ಗ್ರಂಥವು ಎಲ್ಲರ ಸೊತ್ತಾಗಲು 2025ರ ಜನವರಿ ಬರಬೇಕಾಯಿತು. ಪ್ರಸಿದ್ಧರ ಗತಿಯೇ ಹೀಗಾದರೆ ಅಪ್ರಸಿದ್ಧರ ಪಾಡೇನು!

ಒಡೆಯನ ಪತ್ತೆಯಿಲ್ಲದ ಪುಸ್ತಕಕ್ಕೆ ಕಾಯಿದೆಯ 31ಎ ಕಲಮಿನಲ್ಲಿ ದಾರಿಯೊಂದುಂಟು ಎಂದು ವಕೀಲರು ಹೇಳುವರು. ಉಂಟು, ನಿಜ. ಆದರೆ ಆ ದಾರಿ ಹಿಡಿಯುವವನು ಅರ್ಜಿ ಹಾಕುವುದಕ್ಕೆ ಮೊದಲು, ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ತನ್ನ ಉದ್ದೇಶವನ್ನು ಪ್ರಕಟಿಸಬೇಕು. ಕನ್ನಡ ಪುಸ್ತಕದ ಕನ್ನಡ ವಾರಸುದಾರನು ಶಿರಸಿಯಲ್ಲಿಯೋ ಹಾಸನದಲ್ಲಿಯೋ ಇರಬಹುದೆಂಬುದು ಕಾಯಿದೆ ಬರೆದವರಿಗೆ ಹೊಳೆದಂತಿಲ್ಲ. ಭಾಷಾಂತರಕ್ಕೆ ಅನುಮತಿ ಕೇಳಿದರೆ ಮಾತ್ರ ಆ ಭಾಷಾಂತರದ ಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟಿಸಬೇಕಂತೆ. ಇಂತಹ ಅರ್ಜಿಗಳನ್ನು ವಿಚಾರಿಸುತ್ತಿದ್ದ ಮೇಲ್ಮನವಿ ಮಂಡಳಿಯೂ 2021ರಲ್ಲಿ ರದ್ದಾಗಿ, ಕೆಲಸವೆಲ್ಲ ನ್ಯಾಯಾಲಯದ ಪಾಲಾಯಿತು. ಇನ್ನೂರು ಪುಟದ ಹಳೆಯ ಪ್ರಬಂಧ ಸಂಕಲನವೊಂದನ್ನು ಉಚಿತವಾಗಿ ಓದಿಸುವುದಕ್ಕಾಗಿ ಜಾಹೀರಾತಿನ ಹಣವನ್ನೂ ವಕೀಲರ ಶುಲ್ಕವನ್ನೂ ತೆರುವ ಸಂಸ್ಥೆ ಯಾವುದು?

ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿರುವ ಪುಸ್ತಕವನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದೆಂದು 2012ರ ತಿದ್ದುಪಡಿ ಅವಕಾಶ ಕೊಟ್ಟಿರುವುದು ಸಂತೋಷವೇ. ಇಟ್ಟುಕೊಂಡುದನ್ನು ದೂರದ ಓದುಗನಿಗೆ ತೆರೆದು ತೋರಿಸಬಹುದೆಂದು ಮಾತ್ರ ಅದರಲ್ಲಿ ಹೇಳಿಲ್ಲ.

ಇನ್ನು ಸಂಸ್ಥೆಯನ್ನು ನಡೆಸುವ ಪಾಡು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ವರ್ಷವರ್ಷವೂ ಸಲ್ಲಿಸತಕ್ಕ ಪಟ್ಟಿ, ಆದಾಯ ತೆರಿಗೆಯ ವಿನಾಯಿತಿಗಾಗಿ ನೋಂದಣಿ, ಅದರ ನವೀಕರಣ, ಲೆಕ್ಕಪರಿಶೋಧಕರ ಸಂಭಾವನೆ. ಇವೆಲ್ಲ ದೊಡ್ಡ ಸಂಸ್ಥೆಗೂ ಸಣ್ಣದಕ್ಕೂ ಹೆಚ್ಚು ಕಡಿಮೆ ಒಂದೇ. ಅಮೆರಿಕದಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದ ಕನ್ನಡಿಗನೊಬ್ಬ ತನ್ನ ತಾತನ ಪುಸ್ತಕಗಳ ಸ್ಕ್ಯಾನಿಂಗಿಗೆಂದು ಹಣ ಕಳುಹಿಸಿದರೆ ಅದು ವಿದೇಶೀ ದೇಣಿಗೆ. ಅದನ್ನು ಸ್ವೀಕರಿಸಲು ಕೇಂದ್ರ ಗೃಹ ಸಚಿವಾಲಯದ ನೋಂದಣಿ ಬೇಕು. ಸಾಮಾನ್ಯವಾಗಿ ಅದಕ್ಕೆ ಸಂಸ್ಥೆ ಮೂರು ವರ್ಷವಾದರೂ ನಡೆದಿರಬೇಕು, ಅಷ್ಟರಲ್ಲಿ ಹದಿನೈದು ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ವಿದೇಶೀ ದೇಣಿಗೆ ಕಾಯಿದೆಯ 2020ರ ತಿದ್ದುಪಡಿಯ ಮೇಲೆ ಹಣ ಮೊದಲು ಬಂದು ಬೀಳಬೇಕಾದುದು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯಲ್ಲಿ. ಭಾರತದ ಪಾಸ್‌ಪೋರ್ಟನ್ನು ಬಿಡದಿರುವ ಅವನ ತಮ್ಮನು ಅದೇ ಊರಿನಿಂದ ತನ್ನ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಇವೊಂದೂ ಬೇಡ.

ದಾನದ ಹೆಸರಿನಲ್ಲಿ ಹಣ ನುಂಗಿದವರು ಇಲ್ಲದಿಲ್ಲ. ಬರೆದು ಬದುಕುವವರ ಸಂಭಾವನೆಗೆ ಕುತ್ತು ತರುವ ನಕಲುಕೋರರೂ ಇದ್ದಾರೆ. ನಿಯಂತ್ರಣವೇ ಕೂಡದೆಂಬ ವಾದ ನನ್ನದಲ್ಲ. ಸಂಭಾವನೆ ಪಡೆಯುವವನೂ ಇಲ್ಲ, ಕೊಡುವವನೂ ಇಲ್ಲ ಎಂಬಂತಹ ಪುಸ್ತಕಕ್ಕೆ, ಮಾರುಕಟ್ಟೆಯಲ್ಲಿ ಬಿಸಿಬಿಸಿಯಾಗಿ ಖರ್ಚಾಗುವ ಕಾದಂಬರಿಯ ಕಾವಲನ್ನೇ ಹಾಕುವುದು ಅವಿವೇಕವೆಂಬುದಷ್ಟೇ ನನ್ನ ಮಾತು. ಪುಸ್ತಕದ ಹೆಸರನ್ನು ಸರ್ಕಾರದ ಬಹಿರಂಗ ದಾಖಲೆಯೊಂದರಲ್ಲಿ ಸೇರಿಸಿ, ಆಯಾ ಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಿ, ಒಂದು ವರ್ಷ ಕಾದು, ಯಾರೂ ಬಾರದಿದ್ದರೆ ಲಾಭರಹಿತ ಉಪಯೋಗಕ್ಕೆ ಬಿಟ್ಟು, ಮುಂದೆ ಒಡೆಯನು ಬಂದರೆ ತೆಗೆದುಬಿಡುವ ಏರ್ಪಾಟಿಗೆ ಸಂಸತ್ತಿನ ಅರ್ಧ ದಿನ ಸಾಕು. ಅದಕ್ಕೂ ಮೊದಲು ವಿಶ್ವವಿದ್ಯಾನಿಲಯಗಳೂ ಅಕಾಡೆಮಿಗಳೂ ಜನರ ತೆರಿಗೆಯಲ್ಲಿ ಅಚ್ಚುಹಾಕಿಸಿದ ಗ್ರಂಥಗಳನ್ನು ತಾವಾಗಿಯೇ ತೆರೆದಿಡಬಹುದು. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟುದಕ್ಕೆ ಯಾವ ಕಾನೂನೂ ಅಡ್ಡಬರಲಿಲ್ಲ.

ಈ ಬರಹವನ್ನು ಓದುತ್ತಿರುವವರಲ್ಲಿ ದಿವಂಗತ ಲೇಖಕರ ಮಕ್ಕಳು ಮೊಮ್ಮಕ್ಕಳು ಇರಬಹುದು. ಅವರು ಕಾಯಿದೆಯ ತಿದ್ದುಪಡಿಗಾಗಿ ಕಾಯಬೇಕಿಲ್ಲ. ವಾರಸುದಾರರೆಲ್ಲರೂ ಸೇರಿ ಬರೆದುಕೊಟ್ಟ ಒಂದು ಅನುಮತಿ ಪತ್ರ ಸಾಕು. ಆದರೆ ಅವಧಿಯನ್ನೂ ಪ್ರದೇಶವನ್ನೂ ಆ ಪತ್ರದಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ನಮೂದಿಸದಿದ್ದರೆ ಆ ಅನುಮತಿ ಐದೇ ವರ್ಷದ್ದೆಂದೂ ಭಾರತದೊಳಗೆ ಮಾತ್ರ ಸಲ್ಲುವುದೆಂದೂ ಕಾಯಿದೆ ಭಾವಿಸಿಕೊಳ್ಳುತ್ತದೆ.