ಚರಂಡಿಯ ವರದಿ ಯಾರಿಗೆ ಒಪ್ಪಿಸಬೇಕು?

ಓಲ್ಡ್ ರಾಜಿಂದರ್ ನಗರದಲ್ಲಿ ಬಾಡಿಗೆ ಕೋಣೆ ಹಿಡಿದು ಯುಪಿಎಸ್‌ಸಿಗೆ ಓದುವ ನಮ್ಮಂಥವರಿಗೆಲ್ಲ ಸಂವಿಧಾನದ 74ನೇ ತಿದ್ದುಪಡಿ ಬಾಯಿಪಾಠ. ಸಂಸತ್ತು ಒಪ್ಪಿದ್ದು 1992ರಲ್ಲಿ, ಜಾರಿಗೆ ಬಂದದ್ದು 1993ರ ಜೂನ್ 1ರಂದು. 12ನೇ ಅನುಸೂಚಿಯಲ್ಲಿ 18 ವಿಷಯಗಳು. ಕಟ್ಟಡಗಳ ನಿಯಂತ್ರಣವೂ ನೈರ್ಮಲ್ಯವೂ ಅದರಲ್ಲೇ ಇವೆ. ಇಷ್ಟೆಲ್ಲ ಹೇಳಬಲ್ಲ ನಮಗೆ, ನಾವು ದಿನಾ ದಾಟುವ ಚರಂಡಿಯ ಹೂಳನ್ನು ಕೊನೆಯ ಸಲ ಯಾವಾಗ ತೆಗೆದರು ಎಂದು ಕೇಳಿದರೆ ಉತ್ತರ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ನನ್ನ ತಕರಾರು ಈ ದಾರಿ ಇಲ್ಲದಿರುವುದರ ಬಗ್ಗೆ.

2024ರ ಜುಲೈ 27ರ ಸಂಜೆ ಇಲ್ಲಿನ ಒಂದು ಕೋಚಿಂಗ್ ಕೇಂದ್ರದ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ಸತ್ತರು. ಒಬ್ಬರು ಉತ್ತರ ಪ್ರದೇಶದವರು, ಒಬ್ಬರು ತೆಲಂಗಾಣದವರು, ಇನ್ನೊಬ್ಬರು ಕೇರಳದವರು. ವಾಹನ ನಿಲ್ಲಿಸಲು, ಸಾಮಾನು ಇಡಲು ಮಾತ್ರ ಅನುಮತಿ ಇದ್ದ ಜಾಗದಲ್ಲಿ ಗ್ರಂಥಾಲಯ ನಡೆಯುತ್ತಿತ್ತು. ಹೀಗೆ ನಡೆಯುತ್ತಿದೆ ಎಂದು ಪರೀಕ್ಷಾರ್ಥಿಯೊಬ್ಬರು ಒಂದು ತಿಂಗಳ ಮುಂಚೆಯೇ ಸರ್ಕಾರಕ್ಕೆ ದೂರು ಕೊಟ್ಟಿದ್ದರು. ಅದೇ ವಾರ ಪಕ್ಕದ ಪಟೇಲ್ ನಗರದಲ್ಲಿ ನೀರು ನಿಂತ ಬೀದಿಯಲ್ಲಿ ವಿದ್ಯುತ್ ತಗುಲಿ ಇನ್ನೊಬ್ಬ ಪರೀಕ್ಷಾರ್ಥಿ ಸತ್ತಿದ್ದರು.

ಆಮೇಲೆ ಎಲ್ಲವೂ ಚುರುಕಾಯಿತು. ಒಬ್ಬ ಕಿರಿಯ ಎಂಜಿನಿಯರ್ ವಜಾ, ಒಬ್ಬ ಸಹಾಯಕ ಎಂಜಿನಿಯರ್ ಅಮಾನತು. ಎರಡೇ ದಿನದಲ್ಲಿ ಬುಲ್ಡೋಜರ್ ಬಂತು. ನೆಲಮಾಳಿಗೆಗಳಿಗೆ ಬೀಗ ಬಿತ್ತು. ನೀರು ನಿಂತ ಬೀದಿಯಲ್ಲಿ ಗಾಡಿ ಓಡಿಸಿದ ಚಾಲಕನನ್ನೂ ಪೊಲೀಸರು ಬಂಧಿಸಿದರು. ಆಗಸ್ಟ್ 2ರಂದು ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ವಹಿಸಿತು.

ಅಧಿಕಾರಿಗಳು ವರದಿ ಕೊಡುವುದಿಲ್ಲ ಎಂದು ಯಾರೂ ದೂರುವಂತಿಲ್ಲ. ಆಯುಕ್ತರಿಗೆ, ಉಪರಾಜ್ಯಪಾಲರಿಗೆ, ಸಚಿವಾಲಯಕ್ಕೆ, ನ್ಯಾಯಾಲಯಕ್ಕೆ ಕೊಡುತ್ತಾರೆ. ಆದರೆ ವಾರ್ಡಿನಲ್ಲಿ ಗೆದ್ದು ಬಂದವರ ಎದುರು ನಿಂತು 'ಈ ತಿಂಗಳು ಇಷ್ಟು ಕೆಲಸ ಆಯಿತು, ಇಷ್ಟು ಆಗಲಿಲ್ಲ' ಎಂದು ಹೇಳಬೇಕಾದ ಜಾಗ ಆ ಜುಲೈನಲ್ಲಿ ದೆಹಲಿಯಲ್ಲಿ ಇರಲಿಲ್ಲ. ಪಾಲಿಕೆಗೆ 250 ಸದಸ್ಯರನ್ನು ಆರಿಸಿದ್ದು 2022ರ ಡಿಸೆಂಬರಿನಲ್ಲಿ. ನಾಮನಿರ್ದೇಶಿತ ಸದಸ್ಯರನ್ನು ಯಾರು ನೇಮಿಸಬೇಕು ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಕುಳಿತಿತ್ತು. ಒಂದೂವರೆ ವರ್ಷ ಕಳೆದರೂ ವಲಯಗಳ ವಾರ್ಡ್ ಸಮಿತಿಗಳಿಲ್ಲ, ಸ್ಥಾಯಿ ಸಮಿತಿಯೂ ಇಲ್ಲ. ವಾರ್ಡ್ ಸಮಿತಿಗಳಿಗೆ ಚುನಾವಣೆ ನಡೆದದ್ದು ಸಾವುಗಳಾದ ಮೇಲೆ, ಸೆಪ್ಟೆಂಬರಿನಲ್ಲಿ.

ದೆಹಲಿಯವರ ಹಣೆಬರಹವೇ ಇಷ್ಟು ಎಂದು ನಾವು ಕನ್ನಡಿಗರು ನಗುವಂತಿಲ್ಲ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಊರು ವರ್ಷಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲಿತ್ತು. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯ ನೀರಿನಲ್ಲಿ ಕಾರು ಮುಳುಗಿ ಆಂಧ್ರದ ಯುವತಿಯೊಬ್ಬರು ಸತ್ತಾಗ ಪ್ರಶ್ನೆ ಕೇಳಲು ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಅಲ್ಲೂ ಸತ್ತವರು ಹೊರಗಿನಿಂದ ಬಂದವರೇ.

'ನೀವು ಎರಡು ವರ್ಷ ಇದ್ದು ಹೋಗುವವರು, ನಿಮ್ಮ ಓಟು ಇಲ್ಲಿಲ್ಲ, ನಿಮಗ್ಯಾಕೆ ಲೆಕ್ಕ?' ಎನ್ನುವವರಿದ್ದಾರೆ. ಓಟು ಇಲ್ಲ, ನಿಜ. ಆದರೆ ಈ ಬಡಾವಣೆ ನಡೆಯುವುದು ನಮ್ಮ ಬಾಡಿಗೆಯಿಂದ. ಮನೆ ಮಾಲೀಕರು ಕಟ್ಟುವ ಆಸ್ತಿ ತೆರಿಗೆ ಹುಟ್ಟುವುದೂ ಅದರಿಂದಲೇ. ಕೋಚಿಂಗ್ ಶುಲ್ಕದ ಮೇಲೆ ಶೇ 18ರಷ್ಟು ಜಿಎಸ್‌ಟಿಯನ್ನೂ ತೆರುತ್ತೇವೆ. ಇದನ್ನೆಲ್ಲ ಪಕ್ಕಕ್ಕಿಡಿ. ಮಳೆನೀರು ಮತದಾರರ ಪಟ್ಟಿ ನೋಡಿಕೊಂಡು ಮೆಟ್ಟಿಲಿಳಿಯುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಜಮಾಬಂದಿ ಎಂಬುದಿದೆ. ವರ್ಷಕ್ಕೊಮ್ಮೆ ಊರವರ ಎದುರು ಲೆಕ್ಕ ಓದಬೇಕು, ಮಾಡಿದ ಕಾಮಗಾರಿಯನ್ನು ಜಾಗಕ್ಕೇ ಹೋಗಿ ತೋರಿಸಬೇಕು. ಎಷ್ಟೋ ಕಡೆ ಅದು ಚಹಾ ಕುಡಿದು ಸಹಿ ಹಾಕುವ ಶಾಸ್ತ್ರವಾಗಿದೆ, ಒಪ್ಪುತ್ತೇನೆ. ಆದರೂ ಲೆಕ್ಕ ಕೇಳಬೇಕಾದವರು ಆ ಚರಂಡಿಯ ಪಕ್ಕದಲ್ಲಿ ಬದುಕುವವರು ಎಂಬ ಮಾತನ್ನಾದರೂ ಅದು ಒಪ್ಪಿಕೊಂಡಿದೆ. ದೆಹಲಿ, ಬೆಂಗಳೂರಿನಂಥ ನಗರಗಳು ಅಷ್ಟನ್ನೂ ಒಪ್ಪಿಲ್ಲ.

ಹಾಗಾಗಿ ನಾನು ಕೇಳುವುದು ದೊಡ್ಡ ಸುಧಾರಣೆಯನ್ನೇನಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಸಲ, ನಡುವೆ ಒಂದು ಸಲ, ವಾರ್ಡಿನ ಎಂಜಿನಿಯರ್ ಬೀದಿಗೆ ಬಂದು ಕೌನ್ಸಿಲರ್ ಎದುರು, ಮಾಲೀಕರು, ಬಾಡಿಗೆದಾರರು, ಮೆಸ್ಸಿನವರು ಎಲ್ಲರ ಎದುರು ವರದಿ ಓದಲಿ. ಯಾವ ಚರಂಡಿ, ಯಾವ ದಿನ, ಯಾವ ಗುತ್ತಿಗೆದಾರ, ಯಾವ ನೆಲಮಾಳಿಗೆಗೆ ಯಾವ ಅನುಮತಿ, ಬಂದ ದೂರು ಎಷ್ಟು, ಬಾಕಿ ಎಷ್ಟು. ಅದನ್ನೇ ಬೀದಿಯ ಮೂಲೆಯಲ್ಲಿ ಬೋರ್ಡಿಗೆ ಬರೆಯಲಿ.

ಇಲ್ಲಿ ಓದುತ್ತಿರುವ ಗೆಳೆಯರಿಗೂ ಒಂದು ಮಾತು. ನಿಮ್ಮಲ್ಲಿ ಕೆಲವರು ನಾಳೆ ಯಾವುದೋ ಪಾಲಿಕೆಯ ಆಯುಕ್ತರಾಗುತ್ತೀರಿ. ಚುನಾಯಿತ ಸಭೆ ಇಲ್ಲದಿದ್ದರೆ ಕೆಲಸ ಸಲೀಸು ಎಂದು ಆಗ ನಿಮಗೂ ಅನ್ನಿಸಬಹುದು. ಆ ಸಲೀಸಿಗೆ ಈ ಬೀದಿಯಲ್ಲಿ ಬೆಲೆ ತೆತ್ತವರು ನಿಮ್ಮ ಹಾಗೆಯೇ 74ನೇ ತಿದ್ದುಪಡಿ ಓದುತ್ತಿದ್ದವರು.